ಗುಳ್ಳೆಯೊಳಗೆ ಮಾತಾಡೋರು ಯಾರು? ಡಿಸ್ಟೋಪಿಯಾ ಗ್ರಾಫಿಕ್ ಕಾದಂಬರಿ ಹಿಡಿದು ಭಾಷಾ ತರಗತಿಯಲ್ಲಿ ಪ್ರಜಾಪ್ರಭುತ್ವದ ಪಾಠ

ನಮ್ಮ ವಿದ್ಯಾರ್ಥಿಗಳಿಗೆ ಸಂವಿಧಾನದ ಪೀಠಿಕೆ ಬಾಯಿಪಾಠ ಇದೆ. ಸಾಲಾಗಿ ನಿಲ್ಲಿಸಿದರೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. "ವಿಚಾರ, ಅಭಿವ್ಯಕ್ತಿ" ಅನ್ನುವ ಕಡೆ ಒಬ್ಬರನ್ನು ತಡೆದು "ಅಭಿವ್ಯಕ್ತಿ ಅಂದ್ರೆ ಏನಪ್ಪಾ?" ಅಂತ ಕೇಳಿ ನೋಡಿ. ಪಕ್ಕದವನ ಮುಖ ನೋಡುತ್ತಾರೆ.

ನಾನು ಪದವಿ ಮೊದಲ ವರ್ಷಕ್ಕೆ ಇಂಗ್ಲಿಷ್ ಹೇಳಿಕೊಡುವವನು. ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಕನ್ನಡ ಮಾಧ್ಯಮದಿಂದ ಬಂದವರು. ಪ್ರಜಾಪ್ರಭುತ್ವ ಹೇಳಿಕೊಡುವುದು ನನ್ನ ಕೆಲಸ ಅಲ್ಲ, ಅದು ರಾಜ್ಯಶಾಸ್ತ್ರದವರದು ಅಂತ ಬಹಳ ದಿನ ಅಂದುಕೊಂಡಿದ್ದೆ. ಒಂದು ಗ್ರಾಫಿಕ್ ಕಾದಂಬರಿ, ಅಂದರೆ ಕಾಮಿಕ್ಸ್ ರೂಪದ ಕಾದಂಬರಿ, ತರಗತಿಗೆ ತೆಗೆದುಕೊಂಡು ಹೋದ ಮೇಲೆ ಆ ಲೆಕ್ಕ ತಪ್ಪು ಅಂತ ಗೊತ್ತಾಯಿತು. ಯಾರು ಮಾತಾಡುತ್ತಿದ್ದಾರೆ, ಯಾರಿಗೆ ಬಾಯಿಲ್ಲ, ವಾಕ್ಯದಿಂದ ಯಾರ ಹೆಸರು ಮಾಯವಾಗಿದೆ ಅಂತ ನೋಡುವುದು ವ್ಯಾಕರಣದ ಕೆಲಸವೇ. ಅದನ್ನೇ ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಇಂಗ್ಲಿಷ್ ತರಗತಿಗೂ ಆಗುತ್ತದೆ, ಕನ್ನಡ ತರಗತಿಗೂ ಆಗುತ್ತದೆ. ಒಟ್ಟು ಆರೇಳು ಪೀರಿಯಡ್ ಬೇಕು.

ಡಿಸ್ಟೋಪಿಯಾ ಅಂದರೆ ಕೆಟ್ಟು ಹೋದ ನಾಳೆಯ ಕಥೆ. ಇವತ್ತು ಸಣ್ಣದಾಗಿ ಕಾಣುವ ಒಂದು ಚಾಳಿ ಬೆಳೆದು ಊರನ್ನೇ ನುಂಗಿದರೆ ಹೇಗಿರುತ್ತದೆ ಅಂತ ಊಹಿಸಿ ಬರೆದದ್ದು. ವಿದ್ಯಾರ್ಥಿಗಳಿಗೆ ಇಷ್ಟು ಹೇಳಿದರೆ ಸಾಕು.

ಮೊದಲು ಪುಸ್ತಕ ಆರಿಸಿ, ಆಮೇಲೆ ಪುಟ ಆರಿಸಿ

ನಾನು ಬಳಸುವುದು 'ವಿ ಫಾರ್ ವೆಂಡೆಟಾ'. ಬರೆದವರು ಅಲನ್ ಮೂರ್, ಚಿತ್ರ ಡೇವಿಡ್ ಲಾಯ್ಡ್. 1982ರಲ್ಲಿ ಬ್ರಿಟನ್ನಿನ 'ವಾರಿಯರ್' ಪತ್ರಿಕೆಯಲ್ಲಿ ಶುರುವಾಯಿತು, ಆ ಪತ್ರಿಕೆ ನಿಂತ ಮೇಲೆ ಅಮೆರಿಕದ ಡಿಸಿ ಕಾಮಿಕ್ಸ್‌ನಲ್ಲಿ ಮುಗಿಯಿತು. ಕಥೆ ನಡೆಯುವುದು 1997ರ ಲಂಡನ್ನಿನಲ್ಲಿ. ಅಣುಯುದ್ಧ ಆಗಿ, ನೆರೆ ಬಂದು, ಊಟಕ್ಕೆ ಇಲ್ಲದೆ ಜನ ಕಂಗಾಲಾಗಿದ್ದಾಗ ನಾರ್ಸ್‌ಫೈರ್ ಅನ್ನುವ ಫ್ಯಾಸಿಸ್ಟ್ ಪಕ್ಷ ಅಧಿಕಾರ ಹಿಡಿದಿದೆ. ಗೈ ಫಾಕ್ಸ್ (1605ರಲ್ಲಿ ಇಂಗ್ಲೆಂಡಿನ ಸಂಸತ್ತನ್ನು ಸಿಡಿಸಲು ಹೊರಟು ಸಿಕ್ಕಿಬಿದ್ದವನು) ಮುಖವಾಡ ಹಾಕಿಕೊಂಡ ಒಬ್ಬ ಅದರ ವಿರುದ್ಧ ನಿಂತಿದ್ದಾನೆ.

ಈ ಪುಸ್ತಕವನ್ನು ಇಡಿಯಾಗಿ ತರಗತಿಗೆ ಕೊಡಬೇಡಿ. ಹಿಂಸೆ ಇದೆ, ಚಿತ್ರಹಿಂಸೆ ಇದೆ. ಆರಂಭದ ಪುಟಗಳಲ್ಲೇ 16 ವರ್ಷದ ಹುಡುಗಿಯ ಮೇಲೆ ಪೊಲೀಸರು ಎರಗುವ ದೃಶ್ಯ ಇದೆ. ಹೈಸ್ಕೂಲಿಗಂತೂ ಬೇಡವೇ ಬೇಡ. ಪದವಿ ತರಗತಿಗಾದರೂ ಎಂಟು ಪುಟ ಆರಿಸಿಕೊಳ್ಳಿ, ಸಾಕು. ನಾನು ಆರಿಸುವುದು ಮೂರು ಕಡೆಯಿಂದ: ಆರಂಭದ ರೇಡಿಯೋ ವಾರ್ತೆ, ದೇಶ ಈ ಸ್ಥಿತಿಗೆ ಹೇಗೆ ಬಂತು ಅಂತ ಈವಿ ಅನ್ನುವ ಆ ಹುಡುಗಿ ನೆನಪಿಸಿಕೊಳ್ಳುವ ಭಾಗ, ಜೈಲಿನಲ್ಲಿ ವ್ಯಾಲರಿ ಬರೆದ ಪತ್ರ. ಪ್ರಾಂಶುಪಾಲರಿಗೆ ಆ ಪುಟಗಳನ್ನು ಮೊದಲೇ ತೋರಿಸಿಬಿಡಿ. ಆಮೇಲೆ ಯಾರಾದರೂ ಮುಖಪುಟ ನೋಡಿ ಗಾಬರಿಯಾದರೆ ನಿಮಗೇ ಅನುಕೂಲ.

ಹೈಸ್ಕೂಲಿಗೆ ಆರ್ವೆಲ್ಲನ 'ಅನಿಮಲ್ ಫಾರ್ಮ್'ನ ಚಿತ್ರರೂಪ ಒಳ್ಳೆಯದು. ಬ್ರೆಜಿಲ್‌ನ ಓಡಿರ್ ಚಿತ್ರ ಬಿಡಿಸಿದ್ದಾರೆ. ಹಂದಿಗಳು ಕೊಟ್ಟಿಗೆಯ ಗೋಡೆ ಮೇಲಿನ ನಿಯಮ ತಿದ್ದುವ ಕಥೆಗಿಂತ ಒಳ್ಳೆಯ ವ್ಯಾಕರಣ ಪಾಠ ಸಿಗುವುದು ಕಷ್ಟ.

ಜೆರಾಕ್ಸ್ ವಿಷಯ ಎಲ್ಲರೂ ಕೇಳುತ್ತಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪಾಠದ ಸಲುವಾಗಿ ಶಿಕ್ಷಕರು ಪ್ರತಿ ಮಾಡಿಕೊಳ್ಳಲು ಬಿಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಮೇಲೆ ಪ್ರಕಾಶಕರು ಹಾಕಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಆದರೂ ಎಂಟು ಪುಟದ ಆಚೆ ಹೋಗಬೇಡಿ. ಲೈಬ್ರರಿಗೆ ಒಂದು ಪ್ರತಿ ತರಿಸಿ.

ಮಾತು ಅಳಿಸಿ, ಚಿತ್ರ ಓದಿಸಿ

ಮೊದಲ ಪೀರಿಯಡ್‌ಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಮೊದಲ ಪುಟದ ಪ್ರತಿ ತೆಗೆದು ವೈಟ್ನರ್ ಹಿಡಿದು ಎಲ್ಲ ಮಾತನ್ನೂ ಅಳಿಸಿ. ಅದನ್ನು ಮತ್ತೆ ಜೆರಾಕ್ಸ್ ಮಾಡಿಸಿ. ಇಬ್ಬರಿಗೆ ಒಂದರಂತೆ ಹಂಚಿ. ಐದು ನಿಮಿಷ ಯಾರೂ ಮಾತಾಡುವಂತಿಲ್ಲ. ಆಮೇಲೆ ಒಂದೇ ಪ್ರಶ್ನೆ: "ಏನು ಕಾಣ್ತಿದೆ?" "ಏನು ಅರ್ಥ?" ಅಂತ ಮಾತ್ರ ಕೇಳಬೇಡಿ. ಅರ್ಥ ಕೇಳಿದ ಕೂಡಲೇ ಇಂಗ್ಲಿಷ್ ಬಾರದವರು ತಲೆ ತಗ್ಗಿಸುತ್ತಾರೆ. ಕಂಡದ್ದು ಹೇಳುವುದಕ್ಕೆ ಯಾರಿಗೂ ಭಯ ಇಲ್ಲ.

ಧ್ವನಿವರ್ಧಕ, ಖಾಲಿ ರಸ್ತೆ, ಕಂಬದ ಮೇಲೆ ಕ್ಯಾಮೆರಾ ಅಂತ ಒಂದೊಂದಾಗಿ ಬರುತ್ತದೆ. ಕ್ಯಾಮೆರಾದ ಜೊತೆ ಒಂದು ಬೋರ್ಡಿದೆ: ನಿಮ್ಮ ರಕ್ಷಣೆಗಾಗಿ. ಈ ಬೋರ್ಡನ್ನು ನಾನು ಅಳಿಸುವುದಿಲ್ಲ. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೈ ಎತ್ತಿದ. "ಸರ್, ನಮ್ ಗೇಟಲ್ಲೂ ಇದೆಯಲ್ಲ, ನೀವು ಸಿಸಿ ಕ್ಯಾಮೆರಾ ಕಣ್ಗಾವಲಿನಲ್ಲಿದ್ದೀರಿ ಅಂತ." ತರಗತಿ ನಕ್ಕಿತು. ನಗಲಿ. ಆಮೇಲೆ ಕೇಳಿ: ಅದರ ರೆಕಾರ್ಡಿಂಗ್ ಯಾರು ನೋಡುತ್ತಾರೆ? ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ನಮ್ಮನ್ನು ಯಾರಾದರೂ ಕೇಳಿದ್ದರಾ? ಕ್ಯಾಮೆರಾ ಬೇಕು ಅನ್ನುವ ಹುಡುಗಿಯರೂ ಇರುತ್ತಾರೆ, ಅವರಿಗೆ ಸರಿಯಾದ ಕಾರಣವೂ ಇರುತ್ತದೆ. ನೀವು ತೀರ್ಪು ಕೊಡಬೇಡಿ.

ಇದೇ ಪೀರಿಯಡ್‌ನಲ್ಲಿ ಎರಡು ಚೌಕಗಳ ನಡುವಿನ ಬಿಳಿ ಸಂದಿಯನ್ನೂ ತೋರಿಸಿ. ಒಂದು ಚೌಕದಲ್ಲಿ ಬಾಗಿಲು ಬಡಿಯುತ್ತಾರೆ, ಮುಂದಿನ ಚೌಕದಲ್ಲಿ ಮನೆ ಖಾಲಿ. ನಡುವೆ ಏನಾಯಿತು ಅಂತ ಚಿತ್ರಕಾರ ಬರೆದಿಲ್ಲ, ನಾವು ತುಂಬಿಕೊಂಡೆವು. ಇಷ್ಟು ಸಾಕು.

ರೇಡಿಯೋ ವಾರ್ತೆ: "ಲಾಗಿದೆ" ಬೇಟೆ

ಎರಡನೇ ಪೀರಿಯಡ್‌ಗೆ ಮಾತಿರುವ ಪುಟ ಕೊಡಿ. ರೇಡಿಯೋದಲ್ಲಿ ಒಂದು ದನಿ ವಾರ್ತೆ ಓದುತ್ತಿದೆ. ಮಳೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಶುರುವಾಗಿ ಎಷ್ಟಕ್ಕೆ ನಿಲ್ಲುತ್ತದೆ ಅಂತ ಹೇಳುತ್ತದೆ. ಲಂಡನ್ನಿನ ಬ್ರಿಕ್ಸ್‌ಟನ್, ಸ್ಟ್ರೆಥಮ್ ಕಡೆ ಹೋಗದಿರುವುದು ಒಳ್ಳೆಯದು ಅನ್ನುತ್ತದೆ, ಆರೋಗ್ಯದ ದೃಷ್ಟಿಯಿಂದ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮನೆಗಳ ಮೇಲೆ ದಾಳಿ ಆಗಿದೆ. ಮಾಂಸಕ್ಕೆ ಹಾಕಿದ್ದ ರೇಷನ್ ಮಿತಿ ತೆಗೆಯುವ ಸೂಚನೆ ಇದೆ. ಎಲ್ಲವೂ ಒಂದೇ ದನಿಯಲ್ಲಿ, ಮಳೆಗೂ ಬಂಧನಕ್ಕೂ ವ್ಯತ್ಯಾಸ ಇಲ್ಲದ ಹಾಗೆ.

ಈಗ ಇದನ್ನು ಕನ್ನಡ ವಾರ್ತೆಯ ಹಾಗೆ ಬರೆಯಲು ಹೇಳಿ. ಹತ್ತೇ ನಿಮಿಷದಲ್ಲಿ ಹೀಗೆ ಬರುತ್ತದೆ: ದಾಳಿ ನಡೆಸಲಾಗಿದೆ. ಇಪ್ಪತ್ತು ಮಂದಿಯನ್ನು ವಶಕ್ಕೆ ಪಡೆಯಲಾಗಿದೆ. ಆ ಕಡೆ ಸುಳಿಯದಂತೆ ಸೂಚಿಸಲಾಗಿದೆ. ನೀವು ಹೇಳಿಕೊಡದಿದ್ದರೂ "ಲಾಗಿದೆ" ತಾನಾಗಿ ಬರುತ್ತದೆ. ನಮ್ಮ ಕಿವಿಗೆ ಅಧಿಕಾರದ ಭಾಷೆ ಅಂದರೆ ಅದೇ ಅಲ್ವಾ?

ಬೋರ್ಡ್ ಮೇಲೆ ಮೂರು ವಾಕ್ಯ ಬರೆದು ಪ್ರತಿಯೊಂದರ ಮುಂದೆ "ಯಾರು?" ಅಂತ ಹಾಕಿ. ಯಾರು ದಾಳಿ ಮಾಡಿದರು, ಯಾರು ಸೂಚಿಸಿದರು? ಇಂಗ್ಲಿಷ್ ಮೇಷ್ಟರಾದರೆ ಇಲ್ಲೇ ಪ್ಯಾಸಿವ್ ವಾಯ್ಸ್ ಪಾಠ ಮುಗಿಸಿಬಿಡಿ, ಕನ್ನಡದವರಾದರೆ ಕರ್ಮಣಿ ಪ್ರಯೋಗ. ವಾಕ್ಯಗಳನ್ನು ಕರ್ತರಿಗೆ ತಿರುಗಿಸಲು ಹೇಳಿದಾಗ ಹುಡುಗರು ಸಿಕ್ಕಿಹಾಕಿಕೊಳ್ಳುತ್ತಾರೆ, ಏಕೆಂದರೆ ಹಾಕಲು ಕರ್ತೃವೇ ಸಿಗುವುದಿಲ್ಲ. ಆ ಸಿಗದಿರುವುದೇ ಪಾಠ.

ಒಂದು ಎಚ್ಚರಿಕೆ. ಕರ್ಮಣಿ ಪ್ರಯೋಗ ಅಂದರೆ ಸರ್ವಾಧಿಕಾರ ಅಂತ ಅವರು ತೀರ್ಮಾನಿಸಿಬಿಡುತ್ತಾರೆ. "ಪೈಪ್ ದುರಸ್ತಿ ಮಾಡಲಾಗಿದೆ" ಅನ್ನುವುದರಲ್ಲಿ ಏನೂ ಮೋಸ ಇಲ್ಲ, ಮಾಡಿದ್ದು ಯಾರು ಅಂತ ಯಾರಿಗೂ ಬೇಕಿಲ್ಲ. ಯಾವಾಗ ಬೇಕು, ಯಾವಾಗ ಬೇಡ ಅಂತ ಅವರೇ ವಿಂಗಡಿಸಲಿ. ಮನೆಗೆಲಸ: ಊರಿನ ಯಾವುದಾದರೂ ನೋಟಿಸ್ ಬೋರ್ಡಿನ ಐದು "ಲಾಗಿದೆ" ಬರೆದುಕೊಂಡು ಬರಬೇಕು, ಯಾರು ಅಂತ ಪತ್ತೆ ಮಾಡಬೇಕು.

ಆ ಪುಸ್ತಕದಲ್ಲಿ ಸರ್ಕಾರಿ ಇಲಾಖೆಗಳಿಗೆ ಮೈಯ ಅಂಗಗಳ ಹೆಸರು. ಕ್ಯಾಮೆರಾ ನೋಡುವವರು ಕಣ್ಣು, ಕದ್ದು ಕೇಳುವವರು ಕಿವಿ, ಪತ್ತೇದಾರರು ಮೂಗು, ಗುಪ್ತ ಪೊಲೀಸರು ಬೆರಳು, ಪ್ರಚಾರದವರು ಬಾಯಿ. ಕನ್ನಡದಲ್ಲಿ ಇದು ಇನ್ನೂ ಚೆನ್ನಾಗಿ ಕೂರುತ್ತದೆ: ಕಣ್ಣಿಡು, ಕಿವಿಗೊಡು, ಮೂಗು ತೂರಿಸು, ಬೆರಳು ತೋರಿಸು, ಬಾಯಿ ಮುಚ್ಚಿಸು. ಈ ನುಡಿಗಟ್ಟುಗಳಲ್ಲಿ ಒಂದೊಂದು ವಾಕ್ಯ ಮಾಡಿಸಿ. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ನೀನೋ ನೀವೋ: ವ್ಯಾಲರಿಯ ಪತ್ರ

ಒಂದೇ ಪೀರಿಯಡ್ ಇದೆ, ಒಂದನ್ನೇ ಮಾಡಿಸಲು ಸಾಧ್ಯ ಅಂದರೆ ಇದನ್ನು ಮಾಡಿಸಿ.

ಪುಸ್ತಕದ ಎರಡನೇ ಭಾಗದಲ್ಲಿ ಒಂದು ಪತ್ರ ಇದೆ. ವ್ಯಾಲರಿ ಅನ್ನುವ ನಟಿ ಜೈಲಿನಲ್ಲಿ ಸಾಯುವ ಮುಂಚೆ ಟಾಯ್ಲೆಟ್ ಪೇಪರ್ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು. ಆಕೆ ಹೆಣ್ಣನ್ನು ಪ್ರೀತಿಸಿದವಳು, ಅದಕ್ಕೇ ಜೈಲು. ಪತ್ರ ಯಾರಿಗೆ ಸಿಗುತ್ತದೆ ಅಂತ ಅವಳಿಗೆ ಗೊತ್ತಿಲ್ಲ. ಓದುವವರು ಗಂಡೋ ಹೆಣ್ಣೋ ಅಂತಲೂ ಗೊತ್ತಿಲ್ಲ. ಆದರೂ ಪ್ರೀತಿಯಿಂದ ಬರೆದಿದ್ದಾಳೆ.

ಇದನ್ನು ಕನ್ನಡಕ್ಕೆ ತರಲು ಕೊಡಿ. ನಾಲ್ಕು ನಾಲ್ಕು ಜನರ ಗುಂಪು ಮಾಡಿ. ಎರಡು ನಿಮಿಷಕ್ಕೇ ಜಗಳ ಶುರುವಾಗುತ್ತದೆ. ಇಂಗ್ಲಿಷಿನ 'ಯೂ' ಕನ್ನಡಕ್ಕೆ ಬರುವಾಗ 'ನೀನು' ಆಗಬೇಕೋ 'ನೀವು' ಆಗಬೇಕೋ?

ಒಂದು ಗುಂಪು 'ನೀವು' ಅಂತು. ಮುಖ ಕಾಣದವರನ್ನು ಏಕವಚನದಲ್ಲಿ ಕರೆಯುವುದು ಹೇಗೆ ಅಂತ ಅವರ ವಾದ. ಇನ್ನೊಂದು ಗುಂಪಿನ ಹುಡುಗಿ ಒಪ್ಪಲಿಲ್ಲ. "ಸರ್, ಒಂದೇ ಜೈಲಲ್ಲಿ ಇರೋರು. ಇಬ್ರೂ ಒದೆ ತಿಂದೋರು. ಅಲ್ಲಿ ಎಂಥ ನೀವು? ನಮ್ಮಮ್ಮ ದೇವರನ್ನೂ ನೀನು ಅಂತಾರೆ." ತರಗತಿ ಒಂದು ಕ್ಷಣ ಸುಮ್ಮನಾಯಿತು.

ಆಗ ರೇಡಿಯೋ ವಾರ್ತೆಯ ಅನುವಾದ ತೆಗೆಸಿದೆ. ಅಲ್ಲಿ ಎಲ್ಲರೂ 'ನೀವು' ಬರೆದಿದ್ದರು, 'ನಾಗರಿಕರಲ್ಲಿ ವಿನಂತಿ' ಅಂತ ಬರೆದವರೂ ಇದ್ದರು. ಪತ್ರಕ್ಕೆ ಕಡೆಗೆ 'ನೀನು' ಗೆದ್ದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಹುವಚನ ಕೊಟ್ಟ ಸರ್ಕಾರ ಜನರನ್ನು ಹೊತ್ತೊಯ್ಯುತ್ತಿದೆ, ಏಕವಚನದಲ್ಲಿ ಕರೆದವಳು ಗುರುತಿಲ್ಲದವರಿಗೆ ಪ್ರೀತಿ ಕಳಿಸುತ್ತಿದ್ದಾಳೆ. ಇಂಗ್ಲಿಷಿನಲ್ಲೇ ಓದಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ. ಕನ್ನಡಕ್ಕೆ ತಂದದ್ದರಿಂದ ಕಂಡಿತು.

ಇಲ್ಲಿಂದ ಮುಂದಕ್ಕೆ ಅವರೇ ಹೋಗುತ್ತಾರೆ. ಕಚೇರಿಯಲ್ಲಿ ಯಾರನ್ನು ಏನಯ್ಯಾ ಅನ್ನುತ್ತಾರೆ, ಬಸ್ಸಿನಲ್ಲಿ ಕಂಡಕ್ಟರ್ ಯಾರಿಗೆ ಬಹುವಚನ ಹಚ್ಚುತ್ತಾರೆ, ಮನೆಗೆಲಸಕ್ಕೆ ಬರುವ ವಯಸ್ಸಾದ ಅಮ್ಮನನ್ನು ಮನೆಯ ಚಿಕ್ಕ ಹುಡುಗ ಹೇಗೆ ಕರೆಯುತ್ತಾನೆ. ಪೀಠಿಕೆಯಲ್ಲಿರುವ ಸಮಾನತೆ ಅನ್ನುವ ಶಬ್ದದ ಬಗ್ಗೆ ಅವರು ಹೀಗೆ ಜಗಳ ಆಡಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ವ್ಯಾಲರಿಯ ಪ್ರೇಮದ ಬಗ್ಗೆ ಕಿಸಕ್ಕನೆ ನಗುವವರು ಇರುತ್ತಾರೆ. ಗದರಿಸಬೇಡಿ. ನಮ್ಮಲ್ಲೂ ಹಿಂದಿನ ದಂಡ ಸಂಹಿತೆಯ 377ನೇ ಸೆಕ್ಷನ್ ಪ್ರಕಾರ ಇದು ಅಪರಾಧವೇ ಆಗಿತ್ತು, 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಅಪರಾಧವಲ್ಲ ಅಂತು ಅಂತ ಹೇಳಿ ಮುಂದೆ ಹೋಗಿ.

ಯೋಚನೆಯ ಗುಳ್ಳೆ

ಕಾಮಿಕ್ಸ್‌ನಲ್ಲಿ ಪಾತ್ರದ ಮಾತನ್ನೋ ಯೋಚನೆಯನ್ನೋ ಬರೆಯುವ ದುಂಡು ಗೆರೆಯೇ ಗುಳ್ಳೆ. ಡೇವಿಡ್ ಲಾಯ್ಡ್ ಈ ಪುಸ್ತಕದಲ್ಲಿ ಯೋಚನೆಯ ಗುಳ್ಳೆ ಬೇಡ, 'ಢಂ', 'ಧಡಾರ್' ಅನ್ನುವ ಸದ್ದುಗಳೂ ಬೇಡ ಅಂತ ನಿರ್ಧರಿಸಿದರು. ಹಾಗಾಗಿ ಯಾರ ಮನಸ್ಸಿನಲ್ಲಿ ಏನಿದೆ ಅಂತ ನಮಗೆ ತಿಳಿಯುವುದಿಲ್ಲ. ಎಲ್ಲರೂ ಬಾಯಿ ಬಿಗಿದುಕೊಂಡ ಊರಿಗೆ ಇದು ಸರಿಯಾಗಿಯೇ ಇದೆ.

ನೀವು ಇದನ್ನು ಉಲ್ಟಾ ಮಾಡಿ. ಗುಂಪಿನಲ್ಲಿ ನಿಂತ, ಹೆಸರಿಲ್ಲದ ಒಬ್ಬರನ್ನು ಆರಿಸಿಕೊಂಡು ಪೆನ್ಸಿಲಿನಲ್ಲಿ ಯೋಚನೆಯ ಗುಳ್ಳೆ ಬರೆಯಬೇಕು. ಆರೇ ಶಬ್ದ, ಜಾಸ್ತಿ ಬೇಡ. ಪೊಲೀಸಿನವನಿಗೂ ಒಂದು ಗುಳ್ಳೆ ಬರೆಯಬೇಕು, ಇದು ಕಡ್ಡಾಯ. ಒಬ್ಬಳು ಬರೆದಿದ್ದಳು: "ಮಗಳಿಗೆ ಜ್ವರ. ಡ್ಯೂಟಿ ಯಾವಾಗ ಮುಗಿಯುತ್ತೋ."

ಮೆಟ್ಟಿಲು, ಆಮೇಲೆ ಒಂದು ತರಲೆ ಪ್ರಶ್ನೆ

ಈವಿ ತನ್ನ ಬಾಲ್ಯ ಹೇಳುವ ಪುಟಗಳನ್ನು ಕೊಟ್ಟು ಒಂದು ಮೆಟ್ಟಿಲು ಬಿಡಿಸಲು ಹೇಳಿ. ಯುದ್ಧ, ಹಸಿವು, ಗಲಭೆ, ಶಿಸ್ತು ತರುತ್ತೇವೆ ಅಂದ ಪಕ್ಷ, ಒಂದೊಂದೇ ಸಮುದಾಯದವರು ಕಾಣೆಯಾದದ್ದು, ಕಡೆಗೆ ಅವಳ ಅಪ್ಪ. ಯಾವ ಮೆಟ್ಟಿಲಿನಲ್ಲಿ ಜನ ತಡೆಯಬಹುದಿತ್ತು ಅಂತ ಒಬ್ಬೊಬ್ಬರೂ ಗುರುತು ಹಾಕಲಿ. ಮೇಲಿನ ಮೆಟ್ಟಿಲಿನಲ್ಲಿ ಗುರುತು ಹಾಕಿದವರನ್ನು ಕೇಳಿ, ಅಷ್ಟು ಹೊತ್ತು ಯಾಕೆ ಕಾದಿರಿ?

ಹುಡುಗರಿಗೆ ಮುಖವಾಡದ ನಾಯಕ ಅಂದರೆ ಪ್ರಾಣ. ಸಿನಿಮಾ ನೋಡಿರುತ್ತಾರೆ, ಪ್ರತಿಭಟನೆಗಳಲ್ಲಿ ಆ ಮುಖವಾಡ ನೋಡಿರುತ್ತಾರೆ. (ಆ ಮುಖವಾಡ ಮಾರಾಟವಾದಾಗ ಹಕ್ಕಿನ ಹಣ ಹೋಗುತ್ತಿದ್ದದ್ದು ಆ ಸಿನಿಮಾ ತೆಗೆದ ವಾರ್ನರ್ ಕಂಪನಿಗೆ ಅಂತ ಹೇಳಿ ನೋಡಿ, ಮುಖ ನೋಡಬೇಕು ಅವರದ್ದು.) ಅವರ ಉತ್ಸಾಹ ಏರಿದಾಗ ಈ ಪ್ರಶ್ನೆ ಕೇಳಿ: ಇವನಿಗೆ ವೋಟು ಹಾಕಿದ್ದು ಯಾರು? ಸಂಸತ್ ಭವನವನ್ನು ಅವನು ಸಿಡಿಸುವುದು ಪುಸ್ತಕದ ಮೊದಲ ಅಧ್ಯಾಯದಲ್ಲೇ. ಕೊಲ್ಲುತ್ತಾನೆ. ಈವಿಯನ್ನು 'ಬಿಡುಗಡೆ' ಮಾಡಲು ಅವಳನ್ನೇ ಸುಳ್ಳು ಜೈಲಿನಲ್ಲಿಟ್ಟು ಹಿಂಸಿಸುತ್ತಾನೆ. ಅವನು ಬಯಸುವುದು ಅರಾಜಕತೆ, ಚುನಾವಣೆ ಅಲ್ಲ. ಈ ಪುಸ್ತಕ ಪ್ರಜಾಪ್ರಭುತ್ವದ ಕೈಪಿಡಿ ಅಲ್ಲ, ಹಾಗಾಗಿಯೇ ಚರ್ಚೆಗೆ ಒಳ್ಳೆಯದು.

ಇಲ್ಲಿ ಒಂದು ಆಸೆ ಹುಟ್ಟುತ್ತದೆ: ತರಗತಿಯಲ್ಲೇ ಒಂದು ಪುಟ್ಟ ಸರ್ವಾಧಿಕಾರದ ನಾಟಕ ಆಡಿಸೋಣ ಅಂತ. ಬೇಡ. 1967ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಒಬ್ಬ ಶಿಕ್ಷಕರು ಹೀಗೇ ಶುರು ಮಾಡಿ, ಮಕ್ಕಳು ನಿಜವಾಗಿ ಸೆಲ್ಯೂಟ್ ಹೊಡೆದು ಒಬ್ಬರ ಮೇಲೊಬ್ಬರು ಚಾಡಿ ಹೇಳಲು ಶುರು ಮಾಡಿ, ಕೆಲವೇ ದಿನದಲ್ಲಿ ನಿಲ್ಲಿಸಬೇಕಾಯಿತು.

ನಮ್ಮ ಮನೆಯ ಕಥೆ: 1975

ಲಂಡನ್ ಕಲ್ಪನೆಯದು. ನಮ್ಮಲ್ಲಿ ನಡೆದದ್ದೇ ಇದೆಯಲ್ಲ. ವಿಶ್ವಜ್ಯೋತಿ ಘೋಷ್ ಅವರ 'ಡೆಲ್ಲಿ ಕಾಮ್' 2010ರಲ್ಲಿ ಬಂದ ಗ್ರಾಫಿಕ್ ಕಾದಂಬರಿ, ತುರ್ತು ಪರಿಸ್ಥಿತಿಯ ದೆಹಲಿಯದು. ಹಳೇ ಫೋಟೋದಂಥ ಕಂದು ಬಣ್ಣದ ಚಿತ್ರಗಳು. ನಾಲ್ಕು ಪುಟ ಸಾಕು.

ಜೊತೆಗೆ ಇಷ್ಟು ಹೇಳಿ. 1975ರ ಜೂನ್ 25ರ ರಾತ್ರಿ ಘೋಷಣೆ ಆಯಿತು. ಜೂನ್ 28ರ ಇಂಡಿಯನ್ ಎಕ್ಸ್‌ಪ್ರೆಸ್ ಸೆನ್ಸಾರ್ ವಿರೋಧಿಸಿ ಸಂಪಾದಕೀಯದ ಜಾಗ ಖಾಲಿ ಬಿಟ್ಟಿತು. ಮಾತೇ ಇಲ್ಲದ ಗುಳ್ಳೆ ಅದು, ವೈಟ್ನರ್ ಹಚ್ಚಿದ ಪುಟ ನೆನಪಾಗುತ್ತದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರದಲ್ಲಿ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲೇ ಕೂತು ಸುಗ್ರೀವಾಜ್ಞೆಗೆ ಸಹಿ ಹಾಕುತ್ತಾರೆ. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಬಂಧಿತರ ಬಿಡುಗಡೆಗೆ ಅರ್ಜಿ ಹಾಕುವ ಹಕ್ಕೂ ಇಲ್ಲ ಅಂತು, ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಬೆಂಗಳೂರಿನವರಾದರೆ ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗಿ. ಅಡ್ವಾಣಿ, ಮಧು ದಂಡವತೆ ಅಂಥ ವಿರೋಧ ಪಕ್ಷದ ನಾಯಕರನ್ನು ಇಟ್ಟಿದ್ದ ಕೇಂದ್ರ ಕಾರಾಗೃಹ ಆಗ ಅಲ್ಲಿತ್ತು. ನಟಿ ಸ್ನೇಹಲತಾ ರೆಡ್ಡಿ ಅಲ್ಲೇ ಕೊಳೆತು, ಬಿಡುಗಡೆಯಾದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ವ್ಯಾಲರಿಯ ಪತ್ರ ಓದಿದ ಮೇಲೆ ಈ ಹೆಸರು ಹೇಳಿದರೆ ಯಾರೂ ಗಲಾಟೆ ಮಾಡುವುದಿಲ್ಲ.

ಮನೆಗೆಲಸ: ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬನ್ನಿ. ಉತ್ತರ ನೀವಂದುಕೊಂಡ ಹಾಗೆ ಬರುವುದಿಲ್ಲ, ತಯಾರಾಗಿರಿ. "ರೈಲು ಸರಿಯಾದ ಟೈಮಿಗೆ ಬರ್ತಿತ್ತು" ಅನ್ನುವವರಿದ್ದಾರೆ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಬಿಡುತ್ತಾರೆ ಅಂತ ಹೆದರಿ ಓಡಿದವರಿದ್ದಾರೆ. ಒಬ್ಬ ಹುಡುಗನ ಅಜ್ಜಿ, "ನಮಗೆ ಗೇಣಿ ಜಮೀನು ಕೈಗೆ ಬಂದಿದ್ದೇ ಆಗ, ಅರಸು ಇದ್ರು" ಅಂದಿದ್ದರು. ಅದೂ ನಿಜ. ದೇವರಾಜ ಅರಸು ಕಾಲದ ಭೂ ಸುಧಾರಣೆ ತಿದ್ದುಪಡಿ ಕಾಯ್ದೆ 1974ರಲ್ಲಿ ಜಾರಿಗೆ ಬಂದು, ಆ ವರ್ಷಗಳಲ್ಲೇ ಭೂ ನ್ಯಾಯಮಂಡಳಿಗಳು ಕೆಲಸ ಮಾಡುತ್ತಿದ್ದವು. ಅಜ್ಜಿಯ ಮಾತನ್ನು ತಿದ್ದಬೇಡಿ. ಒಂದು ಚೌಕದಲ್ಲಿ ಅಜ್ಜಿಯ ಪಹಣಿ, ಪಕ್ಕದ ಚೌಕದಲ್ಲಿ ಖಾಲಿ ಸಂಪಾದಕೀಯ. ನಡುವಿನ ಸಂದಿಯನ್ನು ಹುಡುಗ ತುಂಬಲಿ.

ಇವತ್ತಿನ ರಾಜಕೀಯ ಬಂದೇ ಬರುತ್ತದೆ. ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಪಕ್ಷದ ಹೆಸರು ಹೇಳುವ ಮುಂಚೆ ಪುಟದಲ್ಲಿರುವ ಒಂದು ಚಿತ್ರವನ್ನೋ ವಾಕ್ಯವನ್ನೋ ತೋರಿಸಬೇಕು. ಕೂಗಾಟ ಅರ್ಧ ಇಳಿಯುತ್ತದೆ.

ಒಂದು ಹಾಳೆ, ಎಂಟು ಪುಟ

ಕೊನೆಗೆ ಅವರೇ ಒಂದು ಕಾಮಿಕ್ಸ್ ಮಾಡಬೇಕು. ಎ4 ಹಾಳೆಯನ್ನು ಎಂಟು ಭಾಗ ಆಗುವಂತೆ ಮಡಚಿ, ಬಿಚ್ಚಿ, ಉದ್ದದ ನಡುಗೆರೆಯಲ್ಲಿ ಮಧ್ಯದ ಎರಡು ಭಾಗದಷ್ಟು ಮಾತ್ರ ಕತ್ತರಿಸಿ, ಮಡಚಿದರೆ ಪುಟ್ಟ ಪುಸ್ತಕ. ದೇಶದ ಬಗ್ಗೆ ಬರೆಯುವಂತಿಲ್ಲ. ಹಾಸ್ಟೆಲ್ ಮೆಸ್, ಅಪಾರ್ಟ್‌ಮೆಂಟ್ ಸಂಘ, ಮದುವೆ ಮನೆ, ಹೀಗೆ ಸಣ್ಣ ರಾಜ್ಯವೇ ಬೇಕು. ದೇಶ ಅಂದರೆ ಭಾಷಣ ಬರುತ್ತದೆ, ಮೆಸ್ ಅಂದರೆ ಕಥೆ ಬರುತ್ತದೆ. ನನಗೆ ಇಷ್ಟವಾದದ್ದು ಒಂದು ಕುಟುಂಬದ ವಾಟ್ಸಾಪ್ ಗ್ರೂಪಿನ ಕಥೆ. ದೊಡ್ಡಪ್ಪ ಅಡ್ಮಿನ್. ಜಮೀನು ಮಾರುವ ವಿಷಯ ಬಂದ ದಿನ 'ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು' ಅಂತ ಸೆಟ್ಟಿಂಗ್ ಬದಲಾಗುತ್ತದೆ. ಮುಂದಿನ ಮೂರು ಪುಟ ಬರೀ ನೀಲಿ ಟಿಕ್.

ಅಂಕ ಹೇಗೆ ಕೊಡುವುದು? 20ರಲ್ಲಿ 15 ನಾನು ನಿರ್ಧರಿಸುತ್ತೇನೆ: ಭಾಷೆಗೆ, ಮಾತು ಮತ್ತು ಮೌನವನ್ನು ಹೇಗೆ ಬಳಸಿದ್ದಾರೆ ಅನ್ನುವುದಕ್ಕೆ, ಅನುವಾದಕ್ಕೆ. ಉಳಿದ 5 ಯಾವುದಕ್ಕೆ ಅಂತ ತರಗತಿ ವೋಟು ಹಾಕುತ್ತದೆ. ಒಂದು ವರ್ಷ ಚಿತ್ರದ ಅಂದಕ್ಕೆ ಅಂತ ಬಹುಮತ ಬಂತು. ಗೆರೆ ಎಳೆಯಲು ಬಾರದವರು ಮುಖ ಊದಿಸಿಕೊಂಡು ಕೂತರು. "ಬಹುಮತ ಬಂದಿದೆಯಲ್ಲ ಸರ್, ಮುಗೀತು" ಅಂದರು ಗೆದ್ದವರು. ಮುಗೀತಾ ಅಂತ ಕೇಳಿ ನಾನು ಸುಮ್ಮನೆ ಕೂತೆ. ಅರ್ಧ ಪೀರಿಯಡ್ ವಾದ ನಡೆದ ಮೇಲೆ ಒಂದು ತಿದ್ದುಪಡಿ ಬಂತು: ಚಿತ್ರ ಬಾರದವರು ಕಡ್ಡಿ ಗೊಂಬೆ ಬಿಡಿಸಿದರೂ ಸರಿ, ಚೌಕಗಳನ್ನು ಜೋಡಿಸಿದ ರೀತಿಗೆ ಅಂಕ.

ಕ್ಲಾಸ್ ರೆಪ್ರೆಸೆಂಟೇಟಿವ್ ಬೋರ್ಡ್ ಹತ್ತಿರ ಹೋಗಿ ಬರೆದ: "ತಿದ್ದುಪಡಿಯನ್ನು ಅಂಗೀಕರಿಸಲಾಗಿದೆ."

"ಯಾರು?" ಅಂತ ಹಿಂದಿನ ಬೆಂಚು ಕೂಗಿತು.

ಅವನು ಡಸ್ಟರ್ ತಗೊಂಡು ಒರೆಸಿ, ಕೈಗಳನ್ನು ಮತ್ತೊಮ್ಮೆ ಎಣಿಸಿ ಬರೆದ: "41 ಜನ ಒಪ್ಪಿದ್ದಾರೆ. 17 ಜನ ಒಪ್ಪಿಲ್ಲ."